ಬಳೆ ಗುರುತಿನ ಅರ್ಜಿ

ಕೊರೊನಾ ಮುಗಿದ ಮರುವರ್ಷ. ಶಿರಸಿಯಲ್ಲಿ ಸರ್ಕಾರಿ ದಾಖಲೆ ಕೋಣೆಯ ಕೆಲಸದಿಂದ ನಾನು ನಿವೃತ್ತನಾಗಿ ಆರು ತಿಂಗಳಾಗಿತ್ತು. ಮುಂಬಯಿ ಸರ್ಕಾರದ ಕಾಲದ ನಮ್ಮ ಕಡೆಯ ಎಷ್ಟೋ ಕಾಗದಪತ್ರಗಳು ಮೋಡಿ ಎಂಬ ಕೂಡುಬರಹದಲ್ಲಿವೆ. ಅದನ್ನು ಓದಬಲ್ಲವರು ಕಡಿಮೆಯಾದ್ದರಿಂದ ಜನ ನನ್ನ ಮನೆಗೇ ಹುಡುಕಿಕೊಂಡು ಬರುತ್ತಿದ್ದರು.

ಇಸಳೂರಿನ ಶಿಕ್ಷಕಿ ಸುಮಂಗಲಾ ಹಾಗೆ ಬಂದವರು. ಅವರ ಮುತ್ತಜ್ಜನ ತಾಯಿ ದೇವಕಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಎಳೆಯ ಮಗನನ್ನು ಬಿಟ್ಟು ಬಾವಿಗೆ ಹಾರಿದಳಂತೆ. ಈ ಮನೆಯ ಹೆಣ್ಣುಮಕ್ಕಳ ಚೊಚ್ಚಲ ಕೂಸು ಉಳಿಯದಿರಲಿ ಎಂದು ಶಪಿಸಿಯೇ ಹಾರಿದಳಂತೆ. ಸುಮಂಗಲಾ ಅವರ ಮೊದಲ ಕೂಸು ಉಳಿದಿರಲಿಲ್ಲ. ಈಗ ಚೊಚ್ಚಲ ಬಸುರಿಯಾದ ಮಗಳು ಶ್ರೀದೇವಿಗೆ ಎಂಟು ತಿಂಗಳು ತುಂಬಿತ್ತು.

"ಶ್ರೀದೇವಿ ನಿದ್ದೆನೇ ಮಾಡ್ತಿಲ್ಲೆ. ಬೀಪಿ ಏರ್ತಾ ಇದ್ದು," ಎಂದರು. "ದೇವಕಿ ಎಂತಕ್ಕೆ ಸತ್ತತು ಹೇಳಿ ಗೊತ್ತಾದ್ರೆ ಸಾಕು."

ಮನೆತನದ ಕಾಗದಗಳು ಯಲ್ಲಾಪುರದಲ್ಲಿ, ಎಂಬತ್ತು ದಾಟಿದ ಅವರ ದೊಡ್ಡಪ್ಪನ ಬಳಿ ಇದ್ದವು. ಬೇಡವೆಂದರೂ ಕೇಳದೆ ಶ್ರೀದೇವಿಯೂ ಕಾರು ಹತ್ತಿದಳು. ದೊಡ್ಡಪ್ಪ ಟ್ರಂಕಿನ ಬೀಗ ತೆಗೆಯಲು ಬಹಳ ಹೊತ್ತು ಹಿಂದೆಮುಂದೆ ನೋಡಿದರು.

ಮೊದಲು ಸಿಕ್ಕಿದ್ದು ಹಿಸ್ಸೆಪತ್ರ, ಅಂದರೆ ಆಸ್ತಿ ಪಾಲಿನ ಕಾಗದ. ದೇವಕಿ ಮೃತಳಾಗಿ ಮಗ ಎಳೆಯನಾದ ಕಾರಣ ಎಲ್ಲವೂ ಅವಳ ಮೈದುನನ ವಶಕ್ಕೆ ಎಂದಿತ್ತು. ಅದರಡಿ ಮಡಚಿಟ್ಟ ಒಂದು ಅರ್ಜಿಯ ನಕಲು. ಕೊನೆಯಲ್ಲಿ ಸಹಿಯ ಜಾಗದಲ್ಲಿ ದುಂಡಗಿನ ಬಳೆಯ ಚಿತ್ರ. ಅಕ್ಷರ ಬಾರದ ಹೆಂಗಸರು ಹಾಕಿಸುತ್ತಿದ್ದ ಗುರುತು. ಪಕ್ಕದಲ್ಲಿ ದೇವಕಿ ಎಂಬ ಹೆಸರು. ತಾರೀಖು ನೋಡಿದೆ. ಪಾಲಾಗಿ ಎರಡು ವರ್ಷದ ನಂತರದ್ದು!

ಮನಸ್ಸಿನಲ್ಲೇ ಕೊನೆಯವರೆಗೆ ಓದಿದೆ. ನನ್ನ ಮುಖ ನೋಡಿದ ದೊಡ್ಡಪ್ಪ, "ಬ್ಯಾಡ, ಓದಡಿ. ಬಸುರಿ ಇದ್ದು ಇಲ್ಲಿ," ಎಂದರು. ನಾನು ಕಾಗದ ಮಡಚಿದೆ. ಒಂದು ವಾಕ್ಯದಿಂದ ಎರಡು ಜೀವಕ್ಕೆ ಅಪಾಯವಾದೀತೆಂಬ ಭಯ ನನಗೆ ನೌಕರಿಯಲ್ಲಿ ಎಂದೂ ಆಗಿರಲಿಲ್ಲ.

"ಓದಿ," ಎಂದಳು ಶ್ರೀದೇವಿ. "ಗೊತ್ತಿಲ್ದೇ ಇಪ್ಪದೇ ನಂಗೆ ಹೆದ್ರಿಕೆ."

ಓದಿದೆ: "ನಾನು ಬದುಕಿದ್ದೇನೆ. ಮೈದುನನು ನನ್ನನ್ನು ಬಾವಿಗೆ ನೂಕಿದನು. ಹಗ್ಗ ಹಿಡಿದು ಮೇಲೆ ಬಂದು ಸಿದ್ದಾಪುರದಲ್ಲಿ ಅಡಿಗೆ ಕೆಲಸ ಮಾಡಿಕೊಂಡಿದ್ದೇನೆ. ಆಸ್ತಿ ಬೇಡ. ಮಗನನ್ನು ಒಮ್ಮೆ ಕಾಣಬೇಕು. ಮನೆಯವರು ಕೊಂದಾರೆಂಬ ಭಯವಿರುವುದರಿಂದ ಪೇದೆಯನ್ನು ಜೊತೆಗೆ ಕಳಿಸಬೇಕು."

ಶಾಪದ ಮಾತು ಎಲ್ಲಿಯೂ ಇರಲಿಲ್ಲ. ಅರ್ಜಿಯ ನಕಲು ಈ ಮನೆಗೇ ಬಂದಿತ್ತೆಂದರೆ, ಅವಳು ಬದುಕಿದ್ದು ಆಗಿನವರಿಗೆ ಗೊತ್ತಿತ್ತು.

ದೊಡ್ಡಪ್ಪ ಗೋಡೆಗೆ ಒರಗಿದರು. "ಆ ಮಗ, ನನ್ನಜ್ಜ, ಸಾಯೋ ತನಕ ಬಾವಿ ನೀರು ಮುಟ್ಟಿದ್ನಿಲ್ಲೆ. ಅವಂಗೆ ಯಾರೂ ಹೇಳಿದ್ವಿಲ್ಲೆ."

ಶ್ರೀದೇವಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ನಂಗ ಎಲ್ಲಾ ದೇವಕಿಗೆ ಹೆದ್ರಿದ್ಯ. ಅದು ನಂಗಕ್ಕೇ ಹೆದ್ರಿತ್ತು, ಅಮ್ಮಾ," ಎಂದಳು.

ಮರಳುವಾಗ ಅವಳಿಗೆ ತಲೆನೋವು ಶುರುವಾಯಿತು. ಶಿರಸಿ ಆಸ್ಪತ್ರೆಯಲ್ಲಿ ನೋಡಿದರೆ ಬೀಪಿ ವಿಪರೀತ. ದಾಖಲು ಮಾಡಿಕೊಂಡರು. ಹೊರಗಿನ ಬೆಂಚಿನ ಮೇಲೆ ಕುಳಿತು, ನಾನೇಕೆ ಓದಿದೆ ಎಂದು ನನ್ನನ್ನೇ ಬೈದುಕೊಂಡೆ. ಮೂರನೆಯ ದಿನ ಆಪರೇಶನ್ ಮಾಡಿ ಕೂಸನ್ನು ತೆಗೆದರು. ಹೆಣ್ಣು, ತೀರಾ ಸಣ್ಣದು. ಎರಡು ವಾರ ಗಾಜಿನ ಪೆಟ್ಟಿಗೆಯಲ್ಲಿದ್ದು ಉಳಿದುಕೊಂಡಿತು.

ಆಮೇಲೆ ಸಿದ್ದಾಪುರದ ಸರ್ಕಾರಿ ಕಚೇರಿಯಲ್ಲಿ ಆ ಅರ್ಜಿಯ ಮೇಲೆ ಆದ ಹುಕುಂ, ಅಂದರೆ ಆದೇಶ, ಹುಡುಕಿದೆ. ಸಿಗಲಿಲ್ಲ. ದೇವಕಿ ಮಗನನ್ನು ಕಂಡಳೋ ಇಲ್ಲವೋ ತಿಳಿಯದು. ನೌಕರಿಯಲ್ಲಿದ್ದಾಗ ಎಷ್ಟು ಜನರನ್ನು ಮೃತರೆಂದು ಬರೆದ ಕಾಗದಗಳನ್ನು ಕಣ್ಣುಮುಚ್ಚಿ ನಕಲು ಮಾಡಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಈಗ ಯಾವ ಕಾಗದ ಬಂದರೂ, ಅದರಲ್ಲೇನಿದೆ ಎಂಬುದಕ್ಕಿಂತ ಮೊದಲು ಅದನ್ನು ಬರೆಸಿದವರು ಯಾರು ಎಂದು ನೋಡುತ್ತೇನೆ.