ಏಣಿ ಎಳೆದುಕೊಂಡ ಕೋಣೆ

ಅರ್ಜಿ ಕೊಟ್ಟವರೂ ನಾವೇ. ನೋಡಲು ಬಂದ ಸಾಹೇಬರಿಗೆ ಕೋಣೆ ಕಾಣದಂತೆ ಏಣಿ ಎಳೆದುಕೊಂಡವರೂ ನಾವೇ. ಇಂಥ ಶಾಣ್ಯಾರು ನಮ್ಮ ಬನಹಟ್ಟಿ ಬಿಟ್ಟರೆ ಇನ್ನೆಲ್ಲಿ ಸಿಗುತ್ತಾರೆ?

ನಡೆದದ್ದು ಇಷ್ಟು. ನಮ್ಮ ಪಡಸಾಲೆಯಲ್ಲಿ ಎರಡು ಪವರ್‌ಲೂಮ್ ಇವೆ. ಅವುಗಳ ಮೇಲೆ ಅಟ್ಟ. ಹಿಂದೆ ನೂಲಿನ ಗಂಟು ಇಡುತ್ತಿದ್ದ ಜಾಗ. ಹನ್ನೆರಡು ವರ್ಷದ ಹಿಂದೆ ಅಲ್ಲಿ ಗೋಡೆ ಏರಿಸಿ, ತಗಡಿನ ಪತ್ರಾಸು ಹೊದಿಸಿ ಕೋಣೆ ಮಾಡಿದೆವು. ಸೊಸೆ ಕಸ್ತೂರಿ ಅದರಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡಳು. ನಗರಸಭೆಯನ್ನು ಕೇಳಿ ಕಟ್ಟಿದೆವಾ? ಇಲ್ಲ. (ನಿಮ್ಮ ಬಚ್ಚಲಿಗೆ ನೀವು ಕೇಳಿದ್ದಿರಾ? ಗಟಾರದ ಮೇಲಿನ ಕಟ್ಟೆಗೆ? ಮತ್ತೆ ನನ್ನ ಕಡೆ ಯಾಕೆ ಹಾಗೆ ನೋಡುತ್ತೀರಿ?)

ಕೇಳದೆ ಕಟ್ಟಿದ್ದನ್ನು ಮುಚ್ಚಿಡಬೇಕಲ್ಲ, ಅದಕ್ಕೂ ಒಂದು ಪದ್ಧತಿ ಮಾಡಿಕೊಂಡಿದ್ದೆವು. ನಗರಸಭೆಯ ಮಂದಿ ಬಂದರೆಂದರೆ ಮೇಲಿದ್ದವರು ಏಣಿ ಎಳೆದುಕೊಂಡು ಹಲಗೆ ಮುಚ್ಚಬೇಕು. ಕೆಳಗಿದ್ದವರು ಅದಕ್ಕೆ ಮರೆಯಾಗಿ ಒಂದೆರಡು ಸೀರೆ ತೂಗುಹಾಕಬೇಕು. ನೇಕಾರರ ಮನೆಯಲ್ಲಿ ಸೀರೆ ತೂಗಾಡಿದರೆ ಯಾರಿಗೆ ಸಂಶಯ?

ಈ ವರ್ಷ ಮುಚ್ಚಿಟ್ಟರೆ ನಡೆಯದ ಹಾಗಾಯಿತು. ತೇರದಾಳದ ಒಂದು ಶಾಲೆಯವರು ಮಕ್ಕಳ ಯೂನಿಫಾರ್ಮ್ ಹೊಲಿಯುವ ಕೆಲಸವನ್ನು ಕಸ್ತೂರಿಗೇ ಕೊಡುತ್ತೇವೆ ಎಂದರು. ಆದರೆ ಲೈಸೆನ್ಸ್ ತೋರಿಸಬೇಕು. ಲೈಸೆನ್ಸ್ ಕೇಳಲು ನಗರಸಭೆಗೆ ಹೋದರೆ, ಕಾಗದದಲ್ಲೇ ಇಲ್ಲದ ಕೋಣೆಗೆ ಹೇಗೆ ಕೊಡೋಣ ಎಂದರು. ಖರೆ ಮಾತು. ಶಾಲೆ ಶುರುವಾಗುವುದರೊಳಗೆ ಕೋಣೆ ಸಕ್ರಮ ಆಗಬೇಕು. ಇಲ್ಲವೇ ಕೆಲಸ ಬೇರೆಯವರ ಪಾಲು.

ಮುಧೋಳದ ನನ್ನ ತಂಗಿ ಫೋನಿನಲ್ಲೇ ಬೈದಳು. "ಮಲಗಿದ ನಾಯಿ ಯಾಕ ಎಬ್ಬಸ್ತೀಬೇ ಅಕ್ಕಾ? ನೋಡಾಕ ಬಂದವ್ರು ಕೆಡವ್ರಿ ಅಂದ್ರ?" (ಮುಧೋಳದವಳು. ನಾಯಿ ಬಿಟ್ಟು ಬೇರೆ ಮಾತು ಬರುವುದಿಲ್ಲ.)

"ಕೆಡವ್ರಿ ಅಂದ್ರ ಆವಾಗ ನೋಡೂಣು. ಸುಮ್ನ ಕುಂತ್ರ ಆಕಿ ಕೆಲಸ ಹೋಗೂದಂತೂ ಖರೆ" ಎಂದೆ.

ಮನೆ ನನ್ನ ಹೆಸರಿನಲ್ಲಿದೆ. ಜಮಖಂಡಿಯಲ್ಲಿ ನಕ್ಷೆ ಮಾಡಿಸಿ, ಮನೆಯ ದಾಖಲೆಯ ಉತಾರ ಹಚ್ಚಿ, ಮಗ ಮಹಾದೇವ ಅರ್ಜಿ ಬರೆದ. ನಾನು ಸಹಿ ಮಾಡಿದೆ. ಕಲಿತದ್ದು ನಾಲ್ಕನೇ ಇಯತ್ತೆ. ಸಹಿಗೆ ಅಷ್ಟು ಸಾಕು.

ಯುಗಾದಿ ಮುಗಿದ ವಾರ ಒಬ್ಬ ಎಂಜಿನಿಯರ್ ಟೇಪು ಹಿಡಿದು ಬಂದರು. ಬಾಗಿಲಲ್ಲಿ ನಿಂತು "ನಗರಸಭೆಯಿಂದ ಬಂದೀನ್ರಿ" ಎಂದರು. ಅಷ್ಟೇ ಸಾಕಾಯಿತು. ಏಣಿ ಸರ್ರನೆ ಮೇಲೆ ಹೋಯಿತು. ಹಲಗೆ ದಪ್ಪೆಂದು ಮುಚ್ಚಿತು. ಮಹಾದೇವ ಮಗ್ಗ ನಿಲ್ಲಿಸಿ ಓಡಿ ಬಂದು ಎರಡು ಸೀರೆ ತೂಗುಹಾಕಿದ. ಯಾರೂ ಯಾರಿಗೂ ಹೇಳಲಿಲ್ಲ. ಹನ್ನೆರಡು ವರ್ಷದ ರೂಢಿ, ಕೈಗಳೇ ಮಾಡಿ ಮುಗಿಸಿದವು.

ಸಾಹೇಬರು ನಕ್ಷೆ ನೋಡಿದರು. ಸೀರೆ ನೋಡಿದರು. "ಕೋಣಿ ಎಲ್ಲೈತ್ರಿ ಆಯೀ?"

ನಾನು ಸೀರೆ ಸರಿಸಿ ಕೂಗಿದೆ. "ಕಸ್ತೂರೀ, ಏಣಿ ಇಳಸ!"

ಮೇಲಿನಿಂದ ಸಣ್ಣ ದನಿ ಬಂತು. "ಹೋದ್ರೇನ್ರೀ ಅತ್ತೀ?"

"ಎಲ್ಲಿ ಹೋಗ್ತಾರ? ಇಲ್ಲೇ ನಿಂತಾರ. ನಾವ ಕರಸೇವಿ!"

ಮಹಾದೇವ ತಲೆ ಕೆರೆದುಕೊಂಡ. "ಮರತಬಿಟ್ಟೆ ಯವ್ವಾ."

"ಲೇ, ಅರ್ಜಿ ಬರದಾಂವ ನೀನ!"

ಸಾಹೇಬರು ನಗು ತಡೆದುಕೊಂಡು ಕೇಳಿದರು. "ಕಟ್ಟೂ ಮುಂದ ಯಾಕ ಪರವಾನಗಿ ತಗೊಳ್ಳಲಿಲ್ರಿ?"

"ಕೇಳಿದ್ರ ಕೊಡ್ತಿದ್ರೇನ್ರಿ?"

"ನೀವು ಕೇಳಿದ್ರೇನು?"

"ಇಲ್ಲ."

"ಮತ್ತ?"

ಈ ಮಾತಿಗೆ ಸೋತು ನಾನು ಮತ್ತೆ ಏಣಿಗಾಗಿ ಕೂಗಿದೆ. (ಅಪರೂಪ. ಬರೆದಿಟ್ಟುಕೊಳ್ಳಿ.)

ಏಣಿ ಇಳಿಯಿತು. ಸಾಹೇಬರು ಹತ್ತಿದರು. ಹಿಂದೆ ನಾನೂ ಹತ್ತಿದೆ. ಮೊಣಕಾಲು ನೋವೆಂದು ನಾಲ್ಕೈದು ವರ್ಷ ಆ ಕೋಣೆಯ ಕಡೆ ಹಾಯ್ದಿರಲಿಲ್ಲ. ಮಧ್ಯಾಹ್ನದ ಬಿಸಿಲು, ತಲೆಯ ಮೇಲೆ ಪತ್ರಾಸು. ಹಂಚಿನ ಮೇಲೆ ಹಾಕಿದ ರೊಟ್ಟಿಗೆ ಏನಾಗುತ್ತದೋ ನನಗೆ ಅದೇ ಆಯಿತು. ಸಾಹೇಬರು ಎರಡು ಗೋಡೆ ಅಳೆಯುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು.

"ಇಲ್ಲಿ ಗಾಳಿ ಎಲ್ಲಿಂದ ಬರ್ತೈತ್ರಿ?" ಎಂದರು.

ಅವರು ಓಣಿ ಕಡೆಯ ಗೋಡೆಯ ಮೇಲೆ ಕೈಯಾಡಿಸಿದರು. ಅಲ್ಲೊಂದು ಚೌಕದಷ್ಟು ಗಿಲಾವು ಬೇರೆ ಬಣ್ಣ. "ಇಲ್ಲಿ ಕಿಡಕಿ ಇತ್ತಲ್ರಿ?"

ಕಸ್ತೂರಿ ತಟ್ಟನೆ ಹೇಳಿದಳು. "ಇಲ್ರಿ ಸರ್, ಮೊದಲಿಂದ ಹಂಗ ಐತಿ."

ನನ್ನ ಮಾನ ಉಳಿಸಲು ಹೇಳಿದ ಸುಳ್ಳು. ಬೇಡದ ಉಪಕಾರ.

"ಸುಳ್ಳ ಹೇಳಬ್ಯಾಡ. ನಾನ ಮುಚ್ಚಿಸೇನ್ರಿ ಸಾಹೇಬ್ರ" ಎಂದೆ.

ಖರೆ ಅದೇ. ಗೌಂಡಿ ಕಿಟಕಿಗೆ ಜಾಗ ಬಿಟ್ಟಿದ್ದ. ಓಣಿಯಿಂದ ಕಂಡರೆ ಯಾರಾದರೂ ದೂರಿನ ಅರ್ಜಿ ಬರೆದು ಹಾಕುತ್ತಾರೆ ಎಂದು ನಾನೇ ನಿಂತು ಇಟ್ಟಂಗಿ ತುಂಬಿಸಿದ್ದೆ. ಎಂಥ ತಲೆ ಓಡಿಸಿದೆ ಎಂದು ಇಷ್ಟು ವರ್ಷ ಹೆಮ್ಮೆಪಟ್ಟವಳು ನಾನು. ಕೋಣೆ ಯಾರಿಗೂ ಕಾಣಲಿಲ್ಲ. ಒಳಗೆ ಕುಳಿತವಳೂ ಕಾಣಲಿಲ್ಲ. ನನಗೂ.

ಸಾಹೇಬರು ಕೆಡವಿ ಎನ್ನಲಿಲ್ಲ. ಏಣಿ ತೆಗೆದು ಕಟಕಟೆ ಇರುವ ಗಟ್ಟಿ ಮೆಟ್ಟಿಲು ಮಾಡಿಸಿ, ಎರಡು ಕಡೆ ಕಿಟಕಿ ಇಡಿಸಿ, ಆಮೇಲೆ ತಿಳಿಸಿ, ಮತ್ತೆ ಬಂದು ನೋಡುತ್ತೇನೆ ಎಂದು ಬರೆದುಕೊಟ್ಟು ಹೋದರು.

ಮಹಾದೇವನಿಗೆ ಇನ್ನೂ ಅಂಜಿಕೆ. "ಎರಡೂ ಹಿತ್ತಲ ಕಡೆ ಇಡೂಣು ಯವ್ವಾ. ಓಣ್ಯಾಗ ಮಂದಿ ನೋಡ್ತಾರ."

"ನೋಡ್ಲಿ. ಕಾಣಲಿ ಅಂತ ಅಲ್ಲೇನ ಅರ್ಜಿ ಕೊಟ್ಟದ್ದು? ಆ ಗಿಲಾವು ಒಡಿ ಮೊದಲ."

ನಾನು ಮುಚ್ಚಿಸಿದ ಚೌಕವನ್ನೇ ಒಡೆಸಿದೆ. ಕಿಟಕಿ ಕೂರಿಸಿದ ದಿನವೇ ಕಸ್ತೂರಿ ಮಷಿನ್ ಎಳೆದು ಅದರ ಪಕ್ಕಕ್ಕೆ ಇಟ್ಟುಕೊಂಡಳು. ನನಗೆ ಅಷ್ಟು ಸಾಕು. ಅವಳು ಬಾಯಿಬಿಟ್ಟು ಬೈಯುವ ಅಗತ್ಯವೇನೂ ಇರಲಿಲ್ಲ.

ಸಾಹೇಬರು ಎರಡನೇ ಸಲ ಬಂದಾಗ ಮೆಟ್ಟಿಲು ಹತ್ತಿದರು. ಮೊನ್ನೆ ಸೋಮವಾರ ಮಂಜೂರಾತಿ ಪತ್ರ ಬಂತು. ಅದರ ಬೆನ್ನಿಗೇ ಲೈಸೆನ್ಸ್ ಆಯಿತು. ನೀಲಿ ಬಟ್ಟೆಯ ಥಾನುಗಳು ತೇರದಾಳದ ಬಸ್ಸಿನಲ್ಲಿ ಬಂದು ಬಿದ್ದಿವೆ.

ಈಗ ಓಣಿಯವರು ಒಬ್ಬೊಬ್ಬರೇ ಬಂದು ಮೆಲ್ಲಗೆ ಕೇಳುತ್ತಾರೆ. "ಆಫೀಸಿನ್ಯಾಗ ನಿಮಗ ಯಾರ ಗುರ್ತಿನವ್ರು ಅದಾರ್ರಿ? ಏನ ಮಾಡಿದ್ರಿ?"

"ಏನೂ ಮಾಡಿಲ್ಲ. ಏಣಿ ಇಳಿಸಿದ್ವಿ" ಎನ್ನುತ್ತೇನೆ. ನಂಬುವುದಿಲ್ಲ. ಬಿಡಿ, ಅವರವರ ಅಟ್ಟ ಅವರವರಿಗೆ.

ನನ್ನನ್ನು ಕುಟುಕುವುದು ಬೇರೆ. ಇಲ್ಲಿ ಗಾಳಿ ಎಲ್ಲಿಂದ ಬರುತ್ತದೆ ಎಂದು ನನ್ನ ಸೊಸೆಯ ಕೋಣೆಯಲ್ಲಿ ನಿಂತು ಕೇಳಲು ನಗರಸಭೆಯವರೇ ಬರಬೇಕಾಯಿತೇ?