ಗಾಡಿ ತಿರುಗಿಸದ ಛಾಯಾಗ್ರಾಹಕರು

ಯುದ್ಧಾನಂತರದ ಜರ್ಮನ್ ಸಿನಿಮಾ ಹೆದ್ದಾರಿಗಿಳಿದು ತನ್ನ ನೆಲವನ್ನೇ ಹೊಸದಾಗಿ ನೋಡತೊಡಗಿದ ಕಾಲದಲ್ಲಿ, ಆ ನೋಟಕ್ಕೆ ತಾಳ್ಮೆ ಕಲಿಸಿದ ಛಾಯಾಗ್ರಾಹಕರಲ್ಲಿ ಗೆರ್ವಿನ್ ಪೋಲೆಂಟ್ಸ್ ಅವರು ಮಾನ್ಯರು. ಚಲನಚಿತ್ರ ಶಾಲೆಯ ಪ್ರಾಧ್ಯಾಪಕ ಹುದ್ದೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಮೊದಲ ಚಿತ್ರಗಳ ವ್ಯಾನ್ ಓಡಿಸಿದ ನನಗೂ ಎರಡು ಮಾತು ಬರೆಯುವ ಅವಕಾಶ ಸಿಕ್ಕಿದ್ದು ನನ್ನ ಭಾಗ್ಯ.

ಆಗ ನಮ್ಮಲ್ಲಿ ಬರೆದ ಕಥೆ ಇರುತ್ತಿರಲಿಲ್ಲ. ದಾರಿ ಎಲ್ಲಿಗೆ ಒಯ್ದರೆ ಕಥೆಯೂ ಅಲ್ಲಿಗೆ. ಆದ್ದರಿಂದ ಪೋಲೆಂಟ್ಸ್ ಅವರು ಒಂದು ನಿಯಮ ಮಾಡಿದ್ದರು: ದಾಟಿ ಬಂದ ಜಾಗಕ್ಕಾಗಿ ಗಾಡಿ ತಿರುಗಿಸಕೂಡದು. ಕೊಕ್ಕರೆ ಗೂಡೊಂದಕ್ಕಾಗಿ ನಿರ್ದೇಶಕ ಎಕ್‌ಹಾರ್ಟ್ ಎಷ್ಟು ಗೋಗರೆದರೂ ಇವರು ಜಗ್ಗಲಿಲ್ಲ. ನನಗೆ ಜ್ವರ ಬಂದಾಗ ಮಾತ್ರ ತಮ್ಮ ಕೋಟು ಹೊದಿಸಿ, ಇಡೀ ದಿನ ಚಿತ್ರೀಕರಣವನ್ನೇ ನಿಲ್ಲಿಸಿದ್ದರು.

ಎಪ್ಪತ್ತರ ದಶಕದ ಒಂದು ಬೇಸಿಗೆ ಎಲ್ಬೆ ನದಿಯ ಏರಿಯ ಮೇಲೆ ಹೋಗುತ್ತಿದ್ದೆವು. ಆಚೆ ದಡ ಪೂರ್ವ ಜರ್ಮನಿ. ಅಲ್ಲಿನ ದಿಬ್ಬದ ಮೇಲೆ ಪೋಲೆಂಟ್ಸ್ ಅವರ ಮನೆ. ಹುಡುಗನಾಗಿದ್ದಾಗ ನದಿ ಈಜಿ ತಪ್ಪಿಸಿಕೊಂಡು ಬಂದವರಿಗೆ ಮರಳುವ ಹಾಗಿರಲಿಲ್ಲ, ತಾಯಿ ಅಲ್ಲೇ ಉಳಿದಿದ್ದರು. ಆ ಮನೆಯನ್ನೊಮ್ಮೆ ಸೆರೆಹಿಡಿಯುವ ಆಸೆಯನ್ನು ಬೆಳಗಿನ ಕಾಫಿಯ ಹೊತ್ತಿನಲ್ಲಿ ನನ್ನ ಬಳಿ ಹೇಳಿಕೊಂಡಿದ್ದರು. ಮನೆ ಯಾವುದೆಂದು ನನಗೆ ತಿಳಿದಿರಲಿಲ್ಲ. ಅದು ಎದುರಾದಾಗ ಇವರು ತಲೆ ತಗ್ಗಿಸಿ ಕ್ಯಾಮೆರಾಕ್ಕೆ ಹೊಸ ರೀಲು ತುಂಬುತ್ತಿದ್ದರು. ತಲೆ ಎತ್ತುವಷ್ಟರಲ್ಲಿ ದಾಟಿಹೋಗಿತ್ತು. ಹಿಂದಕ್ಕೇ ನೋಡುತ್ತಿದ್ದ ಅವರ ಮುಖ ನೋಡಲಾಗದೆ ನಾನೇ ಎಕ್‌ಹಾರ್ಟ್ ಮುಂದೆ ವಿಷಯ ಬಾಯಿಬಿಟ್ಟೆ.

“ತಿರುಗ್ಸು ಗಾಡಿ,” ಎಂದ ಎಕ್‌ಹಾರ್ಟ್.

“ಬೇಡ,” ಎಂದರು ಇವರು. “ನಿನ್ನ ಕೊಕ್ಕರೆಗೊಂದು ನ್ಯಾಯ, ನನ್ನಮ್ಮನಿಗೊಂದು ನ್ಯಾಯಾನಾ?”

“ಅಬ್ಬಾ, ಏನ್ ಹಟ ಮಾರಾಯ!” ಎಕ್‌ಹಾರ್ಟ್ ನನ್ನತ್ತ ತಿರುಗಿದ. “ಉರ್ಸೆಲ್, ನೀನು ತಿರುಗಿಸ್ಲೇಬೇಡ. ಹಾಗೇ ಹಿಂದಕ್ಕೆ ಬಿಡು.”

ಇಕ್ಕಟ್ಟಾದ ಏರಿಯ ಮೇಲೆ ಕತ್ತು ಹೊರಳಿಸಿಕೊಂಡು ರಿವರ್ಸ್ ಗೇರಿನಲ್ಲೇ ಬಂದೆ. ಪೋಲೆಂಟ್ಸ್ ಅವರು ನಗುತ್ತ, ಕಣ್ಣೊರೆಸಿಕೊಳ್ಳುತ್ತ ಚಿತ್ರೀಕರಿಸಿದರು: ತಂತಿಬೇಲಿಯಾಚೆ ಹೆಂಚಿನ ಮನೆ, ಅಂಗಳದಲ್ಲಿ ಒಣಹಾಕಿದ ಬಟ್ಟೆ. ವಿಮರ್ಶಕರು ಮುಂದೆ ಆ ಹಿಮ್ಮುಖ ಚಲನೆಯಲ್ಲಿ ಇಡೀ ಶತಮಾನದ ಇತಿಹಾಸ ಕಂಡರು. ನಾನು ಕಂಡದ್ದು ಕತ್ತುನೋವು.

ಪೂರ್ವ ಜರ್ಮನಿ ಹೆಚ್ಚಾಗಿ ವಯಸ್ಸಾದವರನ್ನಷ್ಟೇ ಗಡಿ ದಾಟಲು ಬಿಡುತ್ತಿತ್ತು. ಪಿಂಚಣಿಯ ವಯಸ್ಸು ತುಂಬಿದ ಮೇಲೆ ಪೋಲೆಂಟ್ಸ್ ಅವರ ತಾಯಿಗೆ ಈಚೆ ಬಂದುಹೋಗಲು ಅನುಮತಿ ಸಿಕ್ಕಿತು. ಹ್ಯಾಂಬರ್ಗಿನ ಚಿತ್ರಮಂದಿರಕ್ಕೆ ಅವರನ್ನು ಕರೆದೊಯ್ದೆವು. ಆ ದೃಶ್ಯ ಬಂದದ್ದೇ ತಡ, ಕತ್ತಲಲ್ಲಿ ಮಗನ ಕೈ ಹಿಡಿದು ಎಲ್ಲರಿಗೂ ಕೇಳುವಂತೆ ಅಂದರು: “ಅಯ್ಯೋ, ಹರಕು ದುಪ್ಪಟೀನೇ ತೋರಿಸ್ಬಿಟ್ಯಲ್ಲೋ! ನೀನು ಆಚೆ ದಡದಲ್ಲಿದ್ದೀಯ ಅಂತ ಗೊತ್ತಿದ್ರೆ ಒಳ್ಳೇದನ್ನ ಒಣಗಹಾಕ್ತಿದ್ದೆ.” ಚಿತ್ರ ಮುಗಿಯುವವರೆಗೂ ಆ ಕೈ ಬಿಡಲಿಲ್ಲ.

ಪೋಲೆಂಟ್ಸ್ ಅವರಿಗೆ ಆಯುಸ್ಸು, ಕಣ್ಣಿನ ಕಸುವು ಎರಡೂ ತುಂಬಿರಲಿ. ಇನ್ನಷ್ಟು ದಾರಿಗಳು ಅವರ ಕ್ಯಾಮೆರಾಕ್ಕೆ ಕಾದಿರಲಿ. ನಿವೃತ್ತಿಯಲ್ಲೂ ಅವರು ಗಾಡಿ ತಿರುಗಿಸುವವರಲ್ಲ, ಬಲ್ಲೆ. ಹಿಂದಕ್ಕೆ ಬಿಡಬೇಕೆನಿಸಿದಾಗ ಕರೆಯಲಿ; ನನ್ನ ಕತ್ತು ಇನ್ನೂ ಹೊರಳುತ್ತದೆ.