ಸೇತುವೆಯ ಎರಡು ಕದ

ಊರ ನಡುವಿನ ಹೊಳೆಯ ಮೇಲಿದ್ದ ಆ ಹಳೆಯ ಸೇತುವೆ ಎರಡು ಕದಗಳದ್ದು. ಅವು ಮೇಲೆದ್ದರೆ ಸರಕಿನ ಹಡಗು ನಡುವೆ ದಾಟುತ್ತಿತ್ತು. ಒಂದೊಂದು ಕದದ ಬಾಲಕ್ಕೂ ದಡದ ಗೋಪುರದ ನೆಲಮಾಳಿಗೆಯಲ್ಲಿ ಕಬ್ಬಿಣದ ಭಾರ ತುಂಬಿದ್ದರು. ತಕ್ಕಡಿಯ ಹಾಗೆ ಸರಿತೂಗಿದ್ದರಿಂದ, ಅಷ್ಟುದ್ದದ ರಸ್ತೆಯನ್ನು ಎತ್ತಲು ಬಡಕಲು ಮನುಷ್ಯನೊಬ್ಬ ಹಿಡಿಕೆ ತಿರುಗಿಸಿದರೆ ಆಗುತ್ತಿತ್ತು. ಆಚೆ ದಡದ ಗೋಪುರದಲ್ಲಿ ಅಣ್ಣ, ಈಚೆಯದರಲ್ಲಿ ತಮ್ಮ. ಜನ ಅವರನ್ನು ದೊಡ್ಡ ಹ್ಯಾಂಡ್ಲು, ಚಿಕ್ಕ ಹ್ಯಾಂಡ್ಲು ಎಂದೇ ಕರೆಯುತ್ತಿದ್ದರು. ಕದಗಳು ಕೂಡುವಾಗ ಸಪ್ಪಳವಾದರೆ ತಪ್ಪು ಯಾರದೆಂದು ಇಬ್ಬರೂ ಊಟದ ಡಬ್ಬಿ ಮುಂದಿಟ್ಟುಕೊಂಡು ಜಗಳವಾಡುತ್ತಿದ್ದರು.

ಚಿಕ್ಕ ಹ್ಯಾಂಡ್ಲಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು, ಬಾಯಿಗೆ ಮಾತ್ರ ಹಿಡಿತವಿರಲಿಲ್ಲ. ಹೊಸ ಮೋಟಾರು ಕೂರಿಸಲು ಬಂದ ಇಂಜಿನಿಯರು, “ಎರಡನ್ನೂ ಈ ಕೋಣೆಯಿಂದಲೇ ಎತ್ತೋಕಾಗುತ್ತಾ?” ಎಂದದ್ದೇ ತಡ, “ಯಾಕಾಗಲ್ಲ ಸಾರ್? ನಾನೊಬ್ಬನೇ ಸಾಕು!” ಎಂದು ಎದೆಯುಬ್ಬಿಸಿದ. ಅಣ್ಣನ ನೆನಪೇ ಅವನಿಗೆ ಬರಲಿಲ್ಲ. ತಿಂಗಳೊಳಗೆ ಆಚೆ ಗೋಪುರ ಮುಚ್ಚಿತು. ಅಣ್ಣನನ್ನು ಈಚೆ ದಡದ ಉಗ್ರಾಣಕ್ಕೆ ಹಾಕಿದರು, ತುಕ್ಕು ಹಿಡಿದ ನಟ್ಟು ಬೋಲ್ಟು ಆರಿಸುವುದಕ್ಕೆ.

ಅಣ್ಣ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾತೇ ಬಿಟ್ಟ. ಸಂಜೆ ಸೇತುವೆ ದಾಟಿ ಆಚೆ ದಡದ ಮನೆಗೆ ಹೋಗುವಾಗ ತಮ್ಮನ ಕಿಟಕಿಯ ಕೆಳಗೇ ನಡೆದು ಹೋಗುತ್ತಿದ್ದ, ತಲೆಯೆತ್ತುತ್ತಿರಲಿಲ್ಲ. ಕೆಳಗಿಳಿದು ‘ತಪ್ಪಾಯ್ತು’ ಎನ್ನಲು ಎಷ್ಟು ಹೊತ್ತು ಬೇಕಿತ್ತು? ನಾಳೆ ಅಂದರಾಯಿತು ಎಂದು ಇವನು ದಿನ ದೂಡಿದ. ಹಾಗೇ ವರ್ಷಗಳು ಕಳೆದವು. ಒಬ್ಬನೇ ಕೂತು ತನ್ನನ್ನು ತಾನು ಬೈದುಕೊಂಡದ್ದಕ್ಕೇನೂ ಲೆಕ್ಕವಿಲ್ಲ.

ಒಂದು ಮಧ್ಯಾಹ್ನ ಅತ್ತಿಗೆಯ ಫೋನು ಬಂತು. “ನಿಮ್ಮಣ್ಣಂಗೆ ಮೇಲುಸಿರು ಬಂದಿದೆ. ನಿನ್ನನ್ನೇ ಕೇಳ್ತಿದಾರೆ, ಬೇಗ ಬಾಪ್ಪ.”

ಅವನು ಚಪ್ಪಲಿ ಮೆಟ್ಟುವಷ್ಟರಲ್ಲಿ ಹೊಳೆಯ ತಿರುವಿನಲ್ಲಿ ಹಡಗು ಕೂಗಿತು. ಹಿಂದೆ ಇನ್ನೂ ಎರಡಿದ್ದವು. ಸರಕು ತುಂಬಿದ ಹಡಗು ಆ ಸೆಳೆತದಲ್ಲಿ ನಿಲ್ಲುವಂಥದ್ದಲ್ಲ, ಎತ್ತದಿದ್ದರೆ ಸೇತುವೆಗೇ ಬಂದು ಬಡಿಯುತ್ತದೆ. ಅವನ ಬದಲಿಗೆ ಮೋಟಾರಿನ ಹಿಡಿಕೆ ಹಿಡಿಯುವವರು ಯಾರೂ ಉಳಿದಿರಲಿಲ್ಲ. ಎತ್ತಿದ. ರಸ್ತೆ ಕಣ್ಣೆದುರು ಗೋಡೆಯಾಗಿ ನಿಂತಿತು. ಅದರಾಚೆಯ ಮೊದಲ ಬೀದಿಯಲ್ಲೇ ಅಣ್ಣನ ಮನೆ. ಹಡಗುಗಳು ಮದುವೆ ದಿಬ್ಬಣದ ಹಾಗೆ ಸಾವಕಾಶವಾಗಿ ದಾಟಿದವು. ಕದಗಳು ಕೂಡಿದ್ದೇ ಓಡಿದ.

ಅತ್ತಿಗೆ ಹೊಸ್ತಿಲಲ್ಲಿ ಕೂತಿದ್ದಳು. “ಈಗಷ್ಟೇ ಹೋದ್ರು ಕಣಪ್ಪ,” ಎಂದಳು. “ಸೇತುವೆ ಇಳೀತಾ, ಇಳೀತಾ ಅಂತ ಕೇಳ್ತಾನೇ ಇದ್ರು.”

ಅವನು ಒಳಗೆ ಹೋಗಿ ಅಣ್ಣನ ಕೈ ಹಿಡಿದು “ತಪ್ಪಾಯ್ತಣ್ಣ” ಎಂದ. ಇಷ್ಟು ವರ್ಷ ಬಾರದ ಮಾತು ಎಷ್ಟು ಸಲೀಸಾಗಿ ಬಂತೆಂದು ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.